ಹಾಲು ಬಿಡಿಸಿದ ಪದ

ಇಂಗ್ಲಿಷ್ ಬಾರದಿದ್ದರೆ ನಾನು ಆ ತಪ್ಪು ಮಾಡುತ್ತಲೇ ಇರಲಿಲ್ಲ. ನಮ್ಮತ್ತೆಯ ಹಾಗೆ "ಅಂದ್ರೆ ಎಂತದ್?" ಎಂದು ಬಾಯಿಬಿಟ್ಟು ಕೇಳುತ್ತಿದ್ದೆ, ಯಾರಾದರೂ ಬಿಡಿಸಿ ಹೇಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಕುಂದಾಪುರದಲ್ಲಿ ಬಿ.ಕಾಂ. ಮಾಡಿದವಳು. ಹೋಟೆಲಿಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುವ ಸೊಸೆ. ನನಗೆ ಅರ್ಥವಾಗದ ಪದವೊಂದು ಇದ್ದೀತು ಎಂಬ ಅನುಮಾನ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ. ಆ ಆಸ್ಪತ್ರೆಯವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ನನ್ನ ಮೇಲಿನದೂ ಇಳಿದಿಲ್ಲ.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು, ಹಿಂದಿನ ಬೀದಿಯಲ್ಲಿ ಮನೆ. ಮನೆಯಲ್ಲಿ ಗಂಡ, ಅತ್ತೆ, ನಾನು, ಎಂಟು ತಿಂಗಳ ಮಗಳು. ಮಳೆಗಾಲ ಮುಗಿಯುತ್ತ ಬಂದಿತ್ತು. ಮಗುವಿಗೆ ನೆಗಡಿಯಾಗಿ, ನೆಗಡಿ ಎದೆಗಿಳಿದು, ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಒಂದೊಂದು ಉಸಿರಿಗೂ ಪಕ್ಕೆ ಒಳಗೆ ಹೋಗುತ್ತಿತ್ತು. ಹಾಲಿಗೆ ಬಾಯಿ ಹಾಕುವುದು, ಉಸಿರು ಸಾಲದೆ ಬಿಟ್ಟುಬಿಡುವುದು, ಹೀಗೇ ಮಾಡುತ್ತಿದ್ದಳು. ಲಸಿಕೆ ಹಾಕುವ ಡಾಕ್ಟರು ನೋಡಿದವರೇ ನದಿಯಾಚೆಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅವಳ ಬಾಯೊಳಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದ್ದರು.

ಮಕ್ಕಳ ಐಸಿಯುವಿಗೆ ಗಾಜಿನ ಬಾಗಿಲು. ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ, ಸಂಜೆ ಐದಕ್ಕೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಹೆತ್ತವಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಎಂದು ತೀರ್ಮಾನ ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನಿಗೆ ಮಕ್ಕಳಿದ್ದಿರಲಿಕ್ಕಿಲ್ಲ. ಉಳಿದ ಹೊತ್ತು ಹೊರಗಿನ ಕುರ್ಚಿಯಲ್ಲಿ ಕೂತು, ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತು, ನಮ್ಮನ್ನಲ್ಲ ಕರೆದದ್ದು ಎಂದು ಗೊತ್ತಾದ ಮೇಲೆ ಮತ್ತೆ ಕೂರುವುದು.

ನನಗೆ ಅಲ್ಲಿ ಒಂದೇ ಒಂದು ಕೆಲಸ ಕೊಟ್ಟಿದ್ದರು. ಕೇರಳದ ಸಿಸ್ಟರ್ ಒಬ್ಬರು ಮೊದಲ ದಿನವೇ ಪಂಪು ತೋರಿಸಿ, ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಬಾಟ್ಲಿಗೆ ತುಂಬಿ ತರಬೇಕು, ಮಗುವಿನ ಮೂಗಿನಿಂದ ಹೊಟ್ಟೆಗೆ ಹಾಕಿರುವ ಸಣ್ಣ ನಳಿಗೆಯಲ್ಲಿ ಅದನ್ನು ಬಿಡುತ್ತೇವೆ ಎಂದಿದ್ದರು. ನಾನು ಒಂದು ಸಲವೂ ತಪ್ಪಿಸಲಿಲ್ಲ. ಬಾಟ್ಲಿಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ನದಿ ದಾಟುತ್ತಿದ್ದೆ. ಉಸಿರನ್ನು ಯಂತ್ರ ಕೊಡುತ್ತಿದೆ, ಹಾಲನ್ನಾದರೂ ನಾನು ಕೊಡುತ್ತಿದ್ದೇನಲ್ಲ ಎನ್ನುವ ಒಂದು ಸಮಾಧಾನ ಇತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಒಳಗೆ ಹೋದಾಗ ಆ ಸಿಸ್ಟರ್ ಪಕ್ಕದ ಮಗುವಿಗೆ ಔಷಧಿ ತುಂಬುತ್ತಿದ್ದರು. ಅಲ್ಲಿ ತಾಯಂದಿರಿಗೆಲ್ಲ ಒಂದೇ ಹೆಸರು, ಮಮ್ಮಿ. ತಲೆ ಎತ್ತದೆಯೇ ನಗುತ್ತ ಹೇಳಿದರು: "ಗುಡ್ ನ್ಯೂಸ್ ಹೈ ಮಮ್ಮಿ. ವೀನಿಂಗ್ ಶುರು ಕರ್ ದಿಯಾ. ಅಬ್ ಧೀರೇ ಧೀರೇ ಬಂದ್ ಕರೇಂಗೇ."

ನಿಧಾನವಾಗಿ ಬಂದ್ ಮಾಡುವುದು ಏನನ್ನು? ನಾನು ಕೇಳಲಿಲ್ಲ. ಆ ಪದ ನನಗೆ ಗೊತ್ತಿತ್ತಲ್ಲ! ಎರಡು ತಿಂಗಳ ಹಿಂದಷ್ಟೇ ಲಸಿಕೆ ಡಾಕ್ಟರ ಗೋಡೆಯ ಮೇಲೆ ನೋಡಿದ್ದೆ: ಬಟ್ಟಲು ಚಮಚ ಹಿಡಿದ ತಾಯಿ, ಬಾಯ್ದೆರೆದ ಕೂಸು, ಮೇಲೆ ದಪ್ಪ ಅಕ್ಷರದಲ್ಲಿ ವೀನಿಂಗ್. ಮೊಲೆಹಾಲು ಬಿಡಿಸಿ ಊಟ ರೂಢಿ ಮಾಡಿಸುವುದು. ಅದನ್ನು ಓದಿಯೇ ನಾನು ರಾಗಿ ಮಣ್ಣಿ ಶುರು ಮಾಡಿದ್ದೆ. ಐಸಿಯುವಿನಲ್ಲಿ ಅದೇ ಪದಕ್ಕೆ ಬೇರೆಯದೇ ಅರ್ಥ ಇದೆ, ವೆಂಟಿಲೇಟರು ಕೊಡುವ ಉಸಿರನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಮಗುವನ್ನು ಅದರ ಸ್ವಂತ ಉಸಿರಿಗೆ ಬಿಡುವುದನ್ನೂ ವೀನಿಂಗ್ ಎಂದೇ ಕರೆಯುತ್ತಾರೆ ಎಂದು ನನಗೆ ಹೇಳಿದವರಿಲ್ಲ. ಅವರ ದೃಷ್ಟಿಯಲ್ಲಿ ಅದು ಹೇಳಬೇಕಾದ ವಿಷಯವೇ ಅಲ್ಲ.

ಸಂಜೆ ಐದಕ್ಕೆ ಹಾಲು ತೆಗೆದುಕೊಂಡು ಹೋದರೆ ಬೇರೊಬ್ಬ ಸಿಸ್ಟರ್ ಬಾಟ್ಲಿಯನ್ನು ಬಾಗಿಲಲ್ಲೇ ವಾಪಸ್ ಕೊಟ್ಟರು. "ಫೀಡ್ ಬಂದ್ ಹೈ." ಅಂದು ಸಂಜೆಯೇ ಕೊಳವೆ ತೆಗೆಯುವ ಅಂದಾಜಿತ್ತಂತೆ, ಅದಕ್ಕೆ ಹೊಟ್ಟೆ ಖಾಲಿ ಇಡಬೇಕಿತ್ತಂತೆ, ಆಮೇಲೆ ಯಾಕೋ ಮುಂದಕ್ಕೆ ಹಾಕಿದರಂತೆ. ಈ ಅಂತೆಗಳೆಲ್ಲ ನನಗೆ ತಿಳಿದದ್ದು ಮೂರು ದಿನದ ಮೇಲೆ. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ಹಾಲು ಬೇಡ.

ಮನೆಗೆ ಬಂದು ಅತ್ತೆಗೆ ಹೇಳಿದೆ.

"ಹಾಲ್ ಬಿಡ್ಸುಕ್ ಹೇಳಿರಾ? ಇಷ್ಟ್ ಸಣ್ಣ್ ಮಗುಗಾ? ನೀನ್ ಸಮಾ ಕೇಂಡ್ಯಾ?" ಎಂದರು.

"ವೀನಿಂಗ್ ಅಂದ್ರ್ ಅತ್ತೆ. ಅಂದ್ರೆ ಅದೇ. ಬಾಟ್ಲಿನೂ ವಾಪಸ್ ಕೊಟ್ರ್. ನಂಗೆ ಅಷ್ಟೂ ಇಂಗ್ಲಿಷ್ ಬತ್ತಿಲ್ಯಾ?" ಎಂದು ರೇಗಿದೆ.

ಅತ್ತೆ ವಾಪಸ್ ಬಂದ ಬಾಟ್ಲಿಯನ್ನು ತೊಳೆದು ಮಗುಚಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಹಂಗಾರ್ ಹಾಲ್ ಕಟ್ಟಿ ಜ್ವರ ಬಪ್ಪುಕ್ ಮುಂಚೆ ಹೂಗ್ ಕಟ್ಟುವ," ಎಂದರು.

ನಮ್ಮ ಕಡೆ ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಮಾಲೆಯನ್ನು ಸುತ್ತಿ ಒಳಗಿಟ್ಟು, ಮೇಲೆ ಬಟ್ಟೆ ಬಿಗಿದು, ಬಾಡಿದ ಹಾಗೆಲ್ಲ ಬದಲಿಸುವುದು. ಎರಡು ಮೂರು ದಿನದಲ್ಲಿ ಎದೆ ಹಗುರಾಗುತ್ತದೆ. ನಮ್ಮೂರ ಮಲ್ಲಿಗೆ ಇಲ್ಲಿ ಎಲ್ಲಿಂದ ಬರಬೇಕು? ಅತ್ತೆ ದೇವಸ್ಥಾನದ ಎದುರಿನ ಹೂವಿನವಳ ಬುಟ್ಟಿಯಲ್ಲಿದ್ದ, ಇಲ್ಲಿನವರ ಮಲ್ಲಿಗೆಯಾದ ಮೋಗರಾವನ್ನೆಲ್ಲ ತಂದರು. ಮನೆಯಲ್ಲಿ ಮದುವೆಯಾ ಎಂದು ಅವಳು ಕೇಳಿದಳಂತೆ. ಬೆನ್ನ ಹಿಂದೆ ನಿಂತು ಅತ್ತೆ ಬಟ್ಟೆ ಬಿಗಿಯುವಾಗ ನನಗೆ ಅಳು ಬಂತು. ಕೊಡುವ ಒಂದು ಕೆಲಸವನ್ನೂ ಕಿತ್ತುಕೊಂಡರಲ್ಲ ಎಂದು ಸಂಕಟಪಟ್ಟೆನೇ ಹೊರತು, ನಿಜವಾಗಿ ಬೇಡವೇ ಎಂದು ಇನ್ನೊಮ್ಮೆ ಕೇಳಬೇಕೆಂದು ಹೊಳೆಯಲಿಲ್ಲ.

ಐದನೆಯ ದಿನ ನಾನು ಎರಡು ಸಲವೂ ಬರಿಗೈಯಲ್ಲಿ ಹೋದೆ. ಬಾಟ್ಲಿ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಇದು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಉರಿಯುವ ಸಂಗತಿ. ನಾಲ್ಕು ದಿನ ಗಡಿಯಾರ ನೋಡಿಕೊಂಡು ಹಾಲು ತಂದ ಹೆಂಗಸು ಒಂದು ದಿನ ತರಲಿಲ್ಲವೆಂದರೆ ಯಾಕಮ್ಮಾ ಎಂದು ಕೇಳಲು ಎಷ್ಟು ಹೊತ್ತು ಬೇಕು? ಡಬ್ಬಿಯ ಪುಡಿ ಕಲಸಿ ಮಗುವಿಗೆ ಬಿಟ್ಟರು, ಫೈಲಿನಲ್ಲಿ ಏನೋ ಗೀಚಿದರು, ಆಯಿತು.

ಆರನೆಯ ದಿನ ಬೆಳಿಗ್ಗೆ ಗಂಡನಿಗೆ ಫೋನು ಬಂತು. "ಪೈಪ್ ತೆಗ್ದ್ರ್ ಅಂಬ್ರ್!" ಎಂದು ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೂಗಿದ್ದು ಅಡಿಗೆಮನೆಯವರೆಗೂ ಕೇಳಿತು. ಅಡಿಗೆಯವರು ಯಾರನ್ನೂ ಕೇಳದೆ ಕೇಸರಿಬಾತಿಗೆ ರವೆ ಹುರಿಯಲು ಹಾಕಿದರು. ಬಂದ ಗಿರಾಕಿಗಳಿಗೆಲ್ಲ ಒಂದೊಂದು ಚಮಚ. ಸೂರತ್ತಿನ ನೆಂಟರು, ವಡೋದರಾದ ನೆಂಟರು, ಊರಿನವರು, ಎಲ್ಲರೂ ಫೋನು ಮಾಡಿ "ಇನ್ನೆಂತ, ಗೆದ್ರಿ" ಎಂದರು. ಕೊಳವೆ ಹಾಕಿದರೆ ಸಾವು, ತೆಗೆದರೆ ಬದುಕು, ನಡುವೆ ಇನ್ನೇನೂ ಇಲ್ಲ ಎಂದು ನಾವೆಲ್ಲ ನಂಬಿದ್ದೆವು. ಹಾಗಲ್ಲ ಎಂದು ಹೇಳುವ ಕಷ್ಟವನ್ನು ಆಸ್ಪತ್ರೆಯೂ ತೆಗೆದುಕೊಂಡಿರಲಿಲ್ಲ.

ಹನ್ನೊಂದಕ್ಕೆ ಒಳಗೆ ಹೋಗಿ ನೋಡಿದೆ. ಬಾಯಲ್ಲಿ ಕೊಳವೆ ಇರಲಿಲ್ಲ ನಿಜ. ಆದರೆ ಕೆನ್ನೆಯ ಎರಡೂ ಕಡೆ ಟೇಪು, ಮೂಗಿನ ಹೊಳ್ಳೆಗಳಿಗೆ ಎರಡು ಮೆತ್ತನೆಯ ನಳಿಗೆ, ಅವುಗಳಿಂದ ಬಿಸಿ ಮಾಡಿದ ತೇವದ ಗಾಳಿ ಸುಯ್ಯೆಂದು ಒಳಗೆ ನುಗ್ಗುತ್ತಿತ್ತು. ಪಕ್ಕೆ ಇನ್ನೂ ಒಳಗೆ ಹೋಗುತ್ತಿತ್ತು. ನನ್ನನ್ನು ಕಂಡದ್ದೇ ಅವಳ ಮುಖ ಅಳುವಿಗೆ ತಿರುಗಿತು, ಬಾಯಿ ದೊಡ್ಡದಾಗಿ ತೆರೆಯಿತು, ಕಣ್ಣಲ್ಲಿ ನೀರು ಬಂತು. ದನಿ ಬರಲಿಲ್ಲ. ದನಿಯಿಲ್ಲದೆ ಅಳುವ ಮಗುವನ್ನು ನಾನು ಅದೇ ಮೊದಲು ನೋಡಿದ್ದು.

ಅಲ್ಲಿದ್ದ ಎಳೆ ವಯಸ್ಸಿನ ಡಾಕ್ಟರು ಅವಸರದಲ್ಲೇ ಹೇಳಿದರು. ಕೊಳವೆ ಇದ್ದ ಕಡೆ ಗಂಟಲು ಊದಿದೆ, ದನಿ ಆಮೇಲೆ ಬರುತ್ತದೆ. ಇದಕ್ಕೆ ಹೈ ಫ್ಲೋ ಎನ್ನುತ್ತಾರೆ, ಉಸಿರನ್ನು ಮಗುವೇ ಎಳೆದುಕೊಳ್ಳಬೇಕು, ಈ ಗಾಳಿ ಹಿಂದಿನಿಂದ ಆಸರೆ ಕೊಡುತ್ತದೆ ಅಷ್ಟೆ. ಇನ್ನೆರಡು ದಿನವೇ ಮುಖ್ಯ. "ಥಕ್ ಗಯೀ ತೋ ಟ್ಯೂಬ್ ವಾಪಸ್ ಡಾಲ್ನಾ ಪಡೇಗಾ," ಎಂದರು. ದಣಿದರೆ ಮತ್ತೆ ಕೊಳವೆ. ಎರಡನೆಯ ಸಲ ಹಾಕಿದರೆ ಬಿಡಿಸುವುದು ಇನ್ನೂ ಕಷ್ಟ ಎಂದೂ ಸೇರಿಸಿದರು. ಹೋಟೆಲಿನಲ್ಲಿ ಅಷ್ಟು ಹೊತ್ತಿಗೆ ಕೇಸರಿಬಾತು ಖಾಲಿಯಾಗಿತ್ತು.

ಮರುದಿನ ಹನ್ನೊಂದಕ್ಕೆ ಹೋದಾಗ ಮಗುವಿನ ಹೊಟ್ಟೆ ಉಬ್ಬಿ ಬಿರುಸಾಗಿತ್ತು. ಮೂಗಿನಲ್ಲಿ ಬಿಡುವ ಗಾಳಿ ಸ್ವಲ್ಪ ಹೊಟ್ಟೆಗೂ ಹೋಗುತ್ತದೆ, ಅದರ ಜೊತೆಗೆ ಡಬ್ಬಿ ಹಾಲು ಇವಳಿಗೆ ಒಗ್ಗುತ್ತಿಲ್ಲ, ಹೊಟ್ಟೆ ಮೇಲಕ್ಕೆ ಒತ್ತಿ ಎದೆಗೆ ಜಾಗ ಇಲ್ಲದಂತಾಗಿದೆ, ಉಸಿರಿಗೆ ಕಷ್ಟ ಹೆಚ್ಚಾಗಿದೆ ಎಂದು ಅದೇ ಡಾಕ್ಟರು ಹೇಳಿದರು. ಹೇಳಿ, ನನ್ನ ಕಡೆ ತಿರುಗಿ ಗುಜರಾತಿಯಲ್ಲಿ ಕೇಳಿದರು: "ಮಮ್ಮಿ, ಧಾವಣ್ ಕೇಮ್ ನಥೀ ಲಾವತಾ?"

ಒಂಬತ್ತು ವರ್ಷದಿಂದ ಈ ಊರಲ್ಲಿದ್ದೇನೆ. ತರಕಾರಿಯ ಗುಜರಾತಿ, ಚಿಲ್ಲರೆಯ ಗುಜರಾತಿ, ಪಕ್ಕದ ಮನೆಯ ಗುಜರಾತಿ ಎಲ್ಲ ಬರುತ್ತದೆ. ಏನನ್ನೋ ಯಾಕೆ ತರುತ್ತಿಲ್ಲ ಎಂದು ಕೇಳುತ್ತಿದ್ದಾರೆ ಎಂದು ತಿಳಿಯಿತು, ಧಾವಣ್ ಎಂದರೇನು ಎಂದು ಗೊತ್ತಿರಲಿಲ್ಲ. ನಾನು ಮಿಕಿಮಿಕಿ ನೋಡಿದೆ.

"ಮದರ್ಸ್ ಮಿಲ್ಕ್!" ಎಂದರು ದನಿ ಏರಿಸಿ. "ಹೋಟೆಲ್ ಹೈ ನಾ ಆಪ್ ಕಾ? ಟೈಮ್ ನಹೀಂ ಮಿಲ್ತಾ ಹೋಗಾ."

ಹೋಟೆಲ್ ಇದೆಯಲ್ಲ ನಿಮ್ಮದು, ಬಿಡುವು ಸಿಗುವುದಿಲ್ಲವೇನೋ! ಯಾರು ಹೇಳಿದ್ದು ಎಂದು ಕೇಳಿದೆ. ಅವರು ಫೈಲು ತೆರೆದು ತೋರಿಸಿದರು. ನೀಲಿ ಇಂಕಿನಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ತಾಯಿ ಹಾಲು ತರುತ್ತಿಲ್ಲ, ಆಸಕ್ತಿ ಇಲ್ಲ. ಈ ಸಲದ ಇಂಗ್ಲಿಷ್ ನನಗೆ ಸರಿಯಾಗಿಯೇ ಅರ್ಥವಾಯಿತು.

ನಾನು ಕೂಗಿದೆ. ಐಸಿಯುವಿನಲ್ಲಿ ಕೂಗಬಾರದು ಎಂದು ಗೊತ್ತಿದ್ದೂ ಕೂಗಿದೆ. ಕೂಗಿದ್ದು ಯಾವ ಭಾಷೆಯಲ್ಲಿ ಎಂದು ನೆನಪಿಲ್ಲ, ಹಿಂದಿಯಲ್ಲಿ ಶುರುವಾದದ್ದು ಕುಂದಾಪುರದ ಕನ್ನಡಕ್ಕೆ ಬಂದು ನಿಂತಿರಬೇಕು. ವಿಭಾಗದ ದೊಡ್ಡ ಡಾಕ್ಟರು, ನಡುವಯಸ್ಸಿನ ಹೆಂಗಸು, ಒಳಗಿನ ಕೋಣೆಯಿಂದ ಬಂದರು. "ನಿಲ್ಲಿಸಿ ಎಂದದ್ದು ನೀವು! ವೀನಿಂಗ್ ಎಂದದ್ದು ನೀವು! ಬಾಟ್ಲಿ ವಾಪಸ್ ಕೊಟ್ಟದ್ದು ನೀವು!" ಎಂದು ಅವರ ಮುಖಕ್ಕೇ ಹೇಳಿದೆ.

ಅವರು ಒಂದು ಕ್ಷಣ ಅರ್ಥವಾಗದೆ ನಿಂತರು. ಆಮೇಲೆ ಅರ್ಥವಾಯಿತು, ನಕ್ಕುಬಿಟ್ಟರು. "ಅರೇ ಬೆನ್, ಎ ತೋ ವೆಂಟಿಲೇಟರ್‌ನುಂ ವೀನಿಂಗ್!"

ಕೆಟ್ಟ ನಗುವಲ್ಲ ಅದು, ಈಗ ಯೋಚಿಸಿದರೆ ಹಾಗೆನಿಸುತ್ತದೆ. ಆ ಹೊತ್ತಿಗೆ ಕೆನ್ನೆಗೆ ಬಾರಿಸಬೇಕು ಎನಿಸಿತು. "ಹಸಿಯೇ ಮತ್. ಮೇರಾ ದೂಧ್ ಸೂಖ್ ಗಯಾ ಹೈ," ಎಂದೆ. ನಗಬೇಡಿ, ನನ್ನ ಹಾಲು ಬತ್ತಿಹೋಗಿದೆ. ಹೂವಿನ ವಿಷಯವನ್ನೂ ಹೇಳಿದೆ. ಅವರ ನಗು ನಿಂತಿತು. ಕೇರಳದ ಸಿಸ್ಟರ್ ತಲೆ ತಗ್ಗಿಸಿದರು. ಎಳೆ ಡಾಕ್ಟರು ಫೈಲು ಮುಚ್ಚಿದರು.

"ಆ ಸಾಲು ಹೊಡೆದು ಹಾಕಿ," ಎಂದೆ. ಫೈಲಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಕಾನೂನು ಎಂದರು. ಬೇಕಾದರೆ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು ಎಂದು ಸೇರಿಸಿಯೂ ಸೇರಿಸಿದರು: ತಾಯಿಗೆ ತಿಳಿಹೇಳಲಾಯಿತು, ಈಗ ಒಪ್ಪಿದ್ದಾರೆ. ತಿಳಿಹೇಳಲಾಯಿತಂತೆ! ತಿಳಿಹೇಳಿದವಳು ನಾನು, ತಿಳಿದುಕೊಂಡವರು ಅವರು. ಆದರೆ ಪೆನ್ನು ಅವರ ಕೈಯಲ್ಲಿತ್ತು.

ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೂವು ಬಿಚ್ಚಿ ಬಿಸಾಕಿ, ಎರಡು ಗಂಟೆಗೊಮ್ಮೆ ಪಂಪು ಹಾಕಿ, ಒಂದು ಚಮಚ ಬಂದರೆ ಒಂದೇ ಚಮಚ ತನ್ನಿ ಎಂದರು. ಡಬ್ಬಿ ಹಾಲು ನಿಲ್ಲಿಸುತ್ತೇವೆ, ಹೊಟ್ಟೆಯ ಗಾಳಿ ನಳಿಗೆಯಿಂದ ಹೊರಗೆ ತೆಗೆಯುತ್ತೇವೆ, ಸಂಜೆಯವರೆಗೆ ನೋಡೋಣ ಎಂದರು. ಮಂಚದ ಪಕ್ಕದ ತಟ್ಟೆಯಲ್ಲಿ ಹೊಸ ಕೊಳವೆಯ ಪ್ಯಾಕೆಟ್ಟು ಆಗಲೇ ಇಟ್ಟಿದ್ದರು.

ಪಂಪು ಹಾಕಲು ಜಾಗ ಕೇಳಿದರೆ ಮೆಟ್ಟಿಲಿನ ಕೆಳಗಿನ ಕೋಣೆ ತೋರಿಸಿದರು. ನೆಲ ಒರೆಸುವ ಕೋಲು, ಫಿನಾಯಿಲ್ ಡಬ್ಬಿ, ಒಂದು ಮುರಿದ ಸ್ಟೂಲು. ತಾಯಿಯ ಹಾಲೇ ಅಮೃತ ಎಂದು ಕಾರಿಡಾರಿನ ತುಂಬ ಬಣ್ಣದ ಬೋರ್ಡು ಹಾಕಿದ ಆಸ್ಪತ್ರೆಯಲ್ಲಿ ಅಮೃತ ಹಿಂಡಲು ಕೊಟ್ಟ ಜಾಗ ಅದು. ಮೊದಲ ಸಲ ಬಾಟ್ಲಿಯ ತಳ ಒದ್ದೆಯಾದದ್ದು ಬಿಟ್ಟರೆ ಏನೂ ಬರಲಿಲ್ಲ. ಎರಡನೆಯ ಸಲವೂ ಇಲ್ಲ. ಮೊನ್ನೆಯವರೆಗೆ ರವಿಕೆ ನೆನೆಸುತ್ತಿದ್ದ ಎದೆ ಈಗ ಯಾರದೋ ಎನ್ನುವಂತೆ ಸುಮ್ಮನಿತ್ತು.

ಮಧ್ಯಾಹ್ನ ಅತ್ತೆ ಮೆಂತೆ ಗಂಜಿ ಮಾಡಿಕೊಂಡು ಬಿಆರ್‌ಟಿಎಸ್ ಬಸ್ಸಿನಲ್ಲಿ ಒಬ್ಬರೇ ಬಂದರು. ಗಂಡ ಫೋನಿನಲ್ಲಿ ಎಲ್ಲ ಹೇಳಿದ್ದರು. ಆ ಕೋಣೆಯ ಬಾಗಿಲಲ್ಲಿ ನಿಂತು, "ನಾನೇ ಕೈಯಾರೆ ಕಟ್ಟಿದ್ನಲ್ಲೆ," ಎಂದು ಸೆರಗು ಬಾಯಿಗೆ ಒತ್ತಿ ಅತ್ತರು. ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಸಮಾ ಕೇಂಡ್ಯಾ, ಸರಿಯಾಗಿ ಕೇಳಿಸಿಕೊಂಡೆಯಾ ಎಂದು ಕೇಳಿದ ಒಬ್ಬರೇ ಒಬ್ಬರು ಅವರು, ನಾನು ಅವರ ಬಾಯಿ ಮುಚ್ಚಿಸಿದ್ದೆ. ಅವರು ಅತ್ತಷ್ಟೂ ಅದು ನನ್ನ ತಪ್ಪನ್ನೇ ಎತ್ತಿ ತೋರಿಸಿದಂತಾಗಿ, "ಅಳ್ಬೇಡಿ ಅತ್ತೆ, ಹೊರಗ್ ಹೋಗಿ ಕೂಕಣಿ," ಎಂದೆ. ಗಂಜಿ ಅಲ್ಲಿಟ್ಟು ಹೋದರು. ನಾನು ಸ್ಟೂಲಿನ ಮೇಲೆ ಕೂತು ಅಷ್ಟನ್ನೂ ಕುಡಿದೆ.

ಐದು ಗಂಟೆಗೆ ನಾನು ಒಯ್ದದ್ದು ಒಂದು ಚಮಚಕ್ಕಿಂತ ಸ್ವಲ್ಪ ಹೆಚ್ಚು. ಕೇರಳದ ಸಿಸ್ಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತೆಗೆದುಕೊಂಡರು, ಸಿರಿಂಜಿಗೆ ಎಳೆದು ಮಗುವಿನ ನಳಿಗೆಯಲ್ಲಿ ಹನಿಹನಿಯಾಗಿ ಬಿಟ್ಟರು. "ಸಾರಿ ಮಮ್ಮಿ," ಎಂದರು ನನ್ನ ಮುಖ ನೋಡದೆ. ಆ ಇಡೀ ಆಸ್ಪತ್ರೆಯಲ್ಲಿ ಆ ಮಾತು ಹೇಳಿದವರು ಅವರೊಬ್ಬರೇ. ನಾನು ಪರವಾಗಿಲ್ಲ ಎನ್ನಲಿಲ್ಲ. ಮಗುವಿನ ಹೊಟ್ಟೆ ಮುಟ್ಟಿ ನೋಡಿದೆ, ಬೆಳಗಿಗಿಂತ ಮೆತ್ತಗಿತ್ತು. ಕೊಳವೆಯ ಪ್ಯಾಕೆಟ್ಟು ತಟ್ಟೆಯಲ್ಲೇ ಇತ್ತು, ಒಡೆದಿರಲಿಲ್ಲ.

ಮರುದಿನ ಪಕ್ಕೆ ಎಳೆಯುವುದು ತುಸು ಕಡಿಮೆಯಾಯಿತು. ಗಾಳಿಯ ಒತ್ತಡವನ್ನು ಸ್ವಲ್ಪ ಇಳಿಸಿದರು, ಸಂಜೆ ಇನ್ನೂ ಸ್ವಲ್ಪ. ಪ್ರತಿ ಸಲ ಇಳಿಸುವಾಗಲೂ ನಾನು ಎದುರು ನಿಂತು, ಏನು ಮಾಡುತ್ತಿದ್ದೀರಿ, ಯಾಕೆ, ಅದರ ಅರ್ಥ ಏನು, ಹಾಲು ಬೇಕೋ ಬೇಡವೋ ಎಂದು ಕೇಳಿದೆ. ಎಳೆ ಡಾಕ್ಟರಿಗೆ ನನ್ನನ್ನು ಕಂಡರೆ ಸಾಕಾಗುತ್ತಿತ್ತು. ಸಾಕಾಗಲಿ ಎಂದುಕೊಂಡೆ. ಹತ್ತು ನಿಮಿಷ ಮುಗಿಯಿತು ಎಂದು ಕಾವಲಿನವನು ಬಂದರೂ ನಾನು ಕದಲುತ್ತಿರಲಿಲ್ಲ.

ಕೊಳವೆ ತೆಗೆದ ನಾಲ್ಕನೆಯ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು, ಇವತ್ತು ಎದೆಗೆ ಹಾಕಿ ನೋಡಿ ಎಂದರು. ಮೂಗಿನ ನಳಿಗೆಗಳು ಇರಲಿ, ಹಾಗೆಯೇ ಕುಡಿಯಲಿ, ಸುಸ್ತಾದರೆ ತಕ್ಷಣ ಬಿಡಿಸಿ ಎಂದರು. ತಂತಿಗಳ ಸಮೇತ ಅವಳನ್ನು ನನ್ನ ತೊಡೆಗೆ ಕೊಟ್ಟರು. ಎಷ್ಟು ಹಗುರಾಗಿದ್ದಳು! ವಾಸನೆ ಹಿಡಿದು ತಾನೇ ಬಾಯಿ ಹಾಕಿದಳು. ಎಳೆದಳು, ನಿಂತು ಉಸಿರು ತೆಗೆದುಕೊಂಡಳು, ಮತ್ತೆ ಎಳೆದಳು. ಮೊದಲು ಸ್ವಲ್ಪ ಬಂದಿರಬೇಕು, ನುಂಗಿದ್ದು ಕಾಣಿಸಿತು. ಆಮೇಲೆ ನಿಂತುಹೋಯಿತು. ಅವಳು ಬಿಡಲಿಲ್ಲ, ಹಣೆ ಗಂಟಿಕ್ಕಿಕೊಂಡು ಎಳೆದಳು. ಇಲ್ಲ. ಬಾಯಿ ತೆಗೆದು, ತಲೆ ಹಿಂದಕ್ಕೆ ಮಾಡಿ, ನನ್ನ ಮುಖವನ್ನೇ ನೋಡಿದಳು.

ಆಮೇಲೆ ಅತ್ತಳು. ದನಿ ಬಂತು.

ಹರಿದ, ಒರಟು ದನಿ. ಆದರೆ ದನಿಯೇ. ಅಕ್ಕಪಕ್ಕದ ಮಂಚದವರು ತಿರುಗಿ ನೋಡಿದರು. ಎಳೆ ಡಾಕ್ಟರು ಓಡಿ ಬಂದು, "ಚುಪ್ ಕರಾಯಿಯೇ ಮಮ್ಮಿ, ಥಕ್ ಜಾಯೇಗೀ," ಎಂದರು. ಅಳು ನಿಲ್ಲಿಸಿ, ದಣಿದುಬಿಡುತ್ತಾಳೆ. ನಾನು ಪರದೆಯ ಮೇಲಿನ ಆಕ್ಸಿಜನ್ ಅಂಕೆ ನೋಡಿದೆ, ಅದು ಇಳಿದಿರಲಿಲ್ಲ. ಪಕ್ಕೆ ನೋಡಿದೆ, ಒಳಗೆ ಹೋಗುತ್ತಿರಲಿಲ್ಲ.

"ರೋನೇ ದೀಜಿಯೇ," ಎಂದೆ. ಅಳಲಿ ಬಿಡಿ.

ನನ್ನ ಮಗಳು ನನ್ನನ್ನು ಬೈಯುತ್ತಿದ್ದಳು. ಹಸಿದ ಹೊಟ್ಟೆಗೆ ಹಾಲಿಲ್ಲದ ಎದೆ ಕೊಟ್ಟ ತಾಯಿಯನ್ನು ಮೈಯೆಲ್ಲ ಕೆಂಪಾಗಿಸಿಕೊಂಡು, ಮುಷ್ಟಿ ಬಿಗಿದು, ಬಾಯಿತುಂಬ ಬೈಯುತ್ತಿದ್ದಳು. ಬೈಯಲು ಬೇಕಾದ ಉಸಿರನ್ನು ತಾನೇ ಎಳೆದುಕೊಳ್ಳುತ್ತಿದ್ದಳು, ಎಳೆದುಕೊಂಡು ಮತ್ತೆ ನನಗೇ ಬೈಯುತ್ತಿದ್ದಳು.